ಕೆಂಪು ನೀರು ತಿಳಿಯಾಗಬೇಕೆ?

ಮಳೆಗಾಲ ಬಂತೆಂದರೆ ಹೊಳೆ, ಕೆರೆಯ ನೀರನ್ನೇ ನಂಬಿದ ಊರುಗಳಲ್ಲಿ ಕೊಡದ ತುಂಬ ಕೆಂಪು ನೀರು. ರಾತ್ರಿಯೆಲ್ಲ ಇಟ್ಟರೂ ತಿಳಿಯಾಗೋದಿಲ್ಲ. ಯಾಕೆ ಗೊತ್ತೆ? ಮರಳು ಬೇಗ ತಳ ಸೇರುತ್ತದೆ. ಆದರೆ ಜೇಡಿಮಣ್ಣಿನ ನುಣ್ಣನೆಯ ಕಣಗಳಿಗೆ ಒಂದೇ ಬಗೆಯ ವಿದ್ಯುದಂಶ ಇರುವುದರಿಂದ ಒಂದನ್ನೊಂದು ದೂರ ತಳ್ಳುತ್ತಾ ತೇಲುತ್ತಲೇ ಇರುತ್ತವೆ.

ನೀರು ಶುದ್ಧಿ ಮಾಡುವ ಘಟಕಗಳಲ್ಲಿ ಇದಕ್ಕೆ ಪಟಿಕ, ಅಂದರೆ ಆಲಂ ಹಾಕುತ್ತಾರೆ. ಅದರ ಜೊತೆ ಆಲೂಗಡ್ಡೆ, ಮೆಕ್ಕೆಜೋಳಗಳ ಪಿಷ್ಟವನ್ನು ಸ್ವಲ್ಪ ಸೇರಿಸುವ ಪದ್ಧತಿಯೂ ಉಂಟು. ನಾವು ಸೀರೆಗೆ ಹಾಕುತ್ತೇವಲ್ಲ, ಅದೇ ಗಂಜಿಯ ಜಾತಿ! ಪಿಷ್ಟದ ಉದ್ದನೆಯ ಎಳೆಗಳು ಮಣ್ಣಿನ ಕಣಗಳನ್ನು ಹೂ ಪೋಣಿಸಿದ ಹಾಗೆ ಸೇರಿಸುತ್ತವೆ. ಗಂಟು ಭಾರವಾಗಿ ತಳಕ್ಕಿಳಿಯುತ್ತದೆ. ಹಾಗಂತ ಮನೆಯ ಕೊಡಕ್ಕೆ ಗಂಜಿ ಸುರಿಯಬೇಡಿ. ಅಳತೆ ತಪ್ಪಿದರೆ ನೀರು ಹುಳಿತು ನಾರುತ್ತದೆ.

ಮನೆಗೆ ನಮ್ಮ ಹಿರಿಯರ ಚಿಲ್ಲದ ಬೀಜವಿದೆ. ಸುಶ್ರುತ ಸಂಹಿತೆಯಲ್ಲಿ ಇದನ್ನೇ ಕತಕ ಎಂದಿದ್ದಾರೆ. ಬೀಜವನ್ನು ಮಡಕೆಯ ಒಳಮೈಗೆ ತೇಯ್ದು ನೀರು ತುಂಬುವುದು ಹಳೆಯ ರೂಢಿ. ಪಿಷ್ಟಕ್ಕೆ ಹತ್ತಿರದ ಅಂಟು ಪದಾರ್ಥ ಇದರಲ್ಲಿದೆ. ಒಂದು ಎಚ್ಚರಿಕೆ: ವಿಷದ ಕಾಸರಕವೂ ಇದೇ ಕುಲದ್ದು. ಗುರುತು ಬಲ್ಲ ಗ್ರಂಥಿಗೆ ಅಂಗಡಿಯವರ ಹತ್ತಿರವೇ ಕೊಳ್ಳಿ. ಅನುಮಾನವಿದ್ದರೆ ಬೇಡವೇ ಬೇಡ.

ಇನ್ನೂ ಸುಲಭದ್ದು ಹಿತ್ತಲಿನ ನುಗ್ಗೆ ಬೀಜ. ಇಲ್ಲಿ ಕೆಲಸ ಮಾಡುವುದು ಪಿಷ್ಟವಲ್ಲ, ಬೀಜದ ಪ್ರೋಟೀನು. ಸೂಡಾನಿನ ಹಳ್ಳಿ ಹೆಂಗಸರು ನೈಲ್ ನದಿಯ ಕದಡು ನೀರಿಗೆ ಇದನ್ನೇ ಬಳಸುತ್ತಿದ್ದರು.

ಮಾಡುವ ವಿಧಾನ

ಮರದಲ್ಲೇ ಬಲಿತು ಒಣಗಿದ ಕಾಯಿಯ ಬೀಜ ತೆಗೆದು ಸಿಪ್ಪೆ ಬಿಡಿಸಿ. ಸಾಧಾರಣ ಕದಡಿದ್ದರೆ 2 ಲೀಟರ್ ನೀರಿಗೆ 1 ಬೀಜ, ತೀರಾ ಕೆಂಪಗಿದ್ದರೆ 1 ಲೀಟರಿಗೆ 1. ನುಣ್ಣಗೆ ಕುಟ್ಟಿ, ಸ್ವಲ್ಪ ಶುದ್ಧ ನೀರಿನಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ ಆ ಹಾಲನ್ನು ಕೊಡಕ್ಕೆ ಹಾಕಿ. ಅರ್ಧ ನಿಮಿಷ ಜೋರಾಗಿ, ಆಮೇಲೆ 5 ನಿಮಿಷ ನಿಧಾನವಾಗಿ ತಿರುವಿ. ಮುಚ್ಚಿಟ್ಟು 2 ಗಂಟೆ ಅಲುಗಿಸಬೇಡಿ. ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿಕೊಳ್ಳಿ.

ತಿಳಿ ನೀರೆಲ್ಲ ಶುದ್ಧ ನೀರಲ್ಲ, ಇದನ್ನು ಮಾತ್ರ ಮರೆಯಬೇಡಿ. ಮಣ್ಣಿನ ಜೊತೆ ಎಷ್ಟೋ ರೋಗಾಣುಗಳು ತಳ ಸೇರಿದರೂ ಉಳಿದವೇ ಸಾಕು, ಮಕ್ಕಳಿಗೆ ವಾಂತಿ ಭೇದಿ ತರಲು. ಕೊತಕೊತ ಕುದಿ ಬಂದ ಮೇಲೂ ಒಂದೆರಡು ನಿಮಿಷ ಕಾಯಿಸಿ, ಆರಿಸಿ ಕುಡಿಯಲು ಕೊಡಿ. ಅಂದಿನ ನೀರನ್ನು ಅಂದೇ ಮುಗಿಸಿ.