ದುಡಿಯದೆ ಸಾಯುವ ಬ್ಯಾಟರಿ

ಯಂತ್ರವೊಂದು ಸವೆಯುವುದು ದುಡಿಮೆಯಿಂದ ಎಂಬುದು ನಮ್ಮೆಲ್ಲರ ನಂಬಿಕೆ. ಬಂಡಿಯ ಅಚ್ಚು ಉರುಳಿ ಸವೆಯುತ್ತದೆ, ಕುಡುಗೋಲು ಕೊಯ್ದು ಮೊಂಡಾಗುತ್ತದೆ, ಬೀಸುವ ಕಲ್ಲು ಬೀಸಿ ಬೀಸಿ ನುಣುಪಾಗುತ್ತದೆ. ಕೆಲಸವಿಲ್ಲದ ಕಾಲದಲ್ಲಿ ಅವನ್ನು ಮೂಲೆಗೆ ಸೇರಿಸಿದರೆ ಇಟ್ಟ ಹಾಗೆಯೇ ಇರುತ್ತವೆ. ಹೆಚ್ಚೆಂದರೆ ತುಸು ತುಕ್ಕು ಹಿಡಿದಾವು. ಈ ಅನುಭವವನ್ನೇ ನೆಚ್ಚಿ ನಾವು ಬ್ಯಾಟರಿಯನ್ನೂ ಹಾಗೆಯೇ ನಡೆಸಿಕೊಳ್ಳುತ್ತೇವೆ. ಸುಗ್ಗಿ ಮುಗಿದ ಮೇಲೆ ಟ್ರಾಕ್ಟರನ್ನು ತಗಡಿನ ಚಪ್ಪರದ ಕೆಳಗೆ ನಿಲ್ಲಿಸಿ, ಮೇಲೊಂದು ತಾಡಪತ್ರಿ ಹೊದಿಸಿ, ಇನ್ನು ಮಳೆಗಾಲಕ್ಕೆ ನೋಡೋಣವೆಂದು ಸುಮ್ಮನಾಗುತ್ತೇವೆ.

ಜೂನ್ ತಿಂಗಳ ಮೊದಲ ವಾರ ಕಳೆಯುತ್ತಿದ್ದಂತೆ ಮಿರಗದ ಮಳೆ ಬೀಳುತ್ತದೆ. ನಮ್ಮ ಕಡೆ ಮೃಗಶಿರಕ್ಕೆ ಮಿರಗವೆಂದೇ ಹೆಸರು. ಹೆಸರು, ಉದ್ದು, ಸೋಯಾ, ತೊಗರಿ ಎಲ್ಲಕ್ಕೂ ನೆಲ ಹದವಾಗುವ ದಿನಗಳು ಅವು. ಮೂರು ದಿನದ ಹದ ತಪ್ಪಿದರೆ ಮತ್ತೊಂದು ಮಳೆಗಾಗಿ ಆಕಾಶ ನೋಡಬೇಕು. ಆ ಹೊತ್ತಿಗೆ ಸರಿಯಾಗಿ ಟ್ರಾಕ್ಟರಿನ ಕೀಲಿ ತಿರುಗಿಸಿದರೆ ಟಕ್ಕೆಂಬ ಒಂದು ಸದ್ದು, ಬಳಿಕ ಮೌನ. ಔರಾದದ ಹೊಲದಲ್ಲಿ ಕೂರಿಗೆ ಕಟ್ಟಿ ನಿಂತವನು ಬ್ಯಾಟರಿಯನ್ನು ಬಿಚ್ಚಿ, ಮೋಟಾರ್ ಸೈಕಲ್ಲಿನ ಹಿಂದೆ ಬಿಗಿದುಕೊಂಡು ಬೀದರಿಗೆ ಓಡಿ ಬರುತ್ತಾನೆ. ಬೀದರಿನ ಕಾಲೇಜೊಂದರಲ್ಲಿ ಬಹುಕಾಲ ಭೌತಶಾಸ್ತ್ರ ಕಲಿಸಿದ ನನಗೆ ಇಂತಹವರ ಪರಿಚಯ ಬೇಕಾದಷ್ಟು ಇದೆ. ಹಲವರು ನನ್ನ ವಿದ್ಯಾರ್ಥಿಗಳೇ. ಅವರೆಲ್ಲರ ಪ್ರಶ್ನೆಯೂ ಒಂದೇ: “ಸರ್, ಮೂರು ತಿಂಗಳು ಏನೂ ಕೆಲಸಾ ಮಾಡಿಲ್ಲ, ಸುಮ್ಮ ನಿಂತಿತ್ತು. ಹ್ಯಾಂಗ ಸತ್ತದರಿ?”

ಪ್ರಶ್ನೆಯಲ್ಲಿಯೇ ಉತ್ತರವಿದೆ. ಸುಮ್ಮನೆ ನಿಂತದ್ದರಿಂದಲೇ ಅದು ಸತ್ತಿತು. ಇದು ಹೇಗೆಂದು ತಿಳಿಯಬೇಕಾದರೆ ಆ ಕಪ್ಪು ಪೆಟ್ಟಿಗೆಯೊಳಗೆ ಏನು ನಡೆಯುತ್ತದೆಂಬುದನ್ನು ಸ್ವಲ್ಪ ನೋಡಬೇಕು.

ಎರಡು ಬೇರೆ ಬೇರೆ ಲೋಹಗಳ ನಡುವೆ ಒದ್ದೆಯಾದ ಉಪ್ಪೋ ಹುಳಿಯೋ ಇದ್ದರೆ ಅಲ್ಲಿ ವಿದ್ಯುತ್ತು ಹುಟ್ಟುತ್ತದೆ. ಇಟಲಿಯ ವೋಲ್ಟಾ 1800ರಲ್ಲಿ ಲೋಕಕ್ಕೆ ಸಾರಿದ ಸಂಗತಿ ಇದು. ಅವನು ಒಂದರ ಮೇಲೊಂದು ಪೇರಿಸಿದ್ದು ಸತುವಿನ ಮತ್ತು ಬೆಳ್ಳಿಯ ಬಿಲ್ಲೆಗಳನ್ನು. ಸತುವಿನ ಮೈಯಲ್ಲಿ ಬೆಳ್ಳಿಯ ಎಳೆ ಕೂಡಿಸುವ ಕೆಲಸವನ್ನು ನಮ್ಮ ಬಿದರಿ ಕುಶಲಿಗಳು ವೋಲ್ಟಾನಿಗಿಂತ ಎಷ್ಟೋ ಮೊದಲಿನಿಂದ ಮಾಡುತ್ತ ಬಂದಿದ್ದಾರೆ; ನವಸಾಗರ ಬೆರೆಸಿದ ಕೋಟೆಯ ಮಣ್ಣಿನ ನೀರಿನಿಂದ ಆ ಹೂಜಿಗೆ ಕಪ್ಪು ಬಣ್ಣವನ್ನೂ ಕೊಡುತ್ತಾರೆ. ಲೋಹ, ಲೋಹ, ನಡುವೆ ಉಪ್ಪಿನ ನೀರು: ವೋಲ್ಟಾನ ಸಾಮಗ್ರಿಯೆಲ್ಲ ಅವರ ಮಡಿಲಲ್ಲಿಯೇ ಇತ್ತು. ಅವರಿಗೆ ಬೇಕಾಗಿದ್ದುದು ಬೇರೆ, ಅಷ್ಟೆ.

ವೋಲ್ಟಾನ ಕಂಬ ಒಮ್ಮೆ ಬರಿದಾದರೆ ಮುಗಿಯಿತು. ಬರಿದಾದುದನ್ನು ಮತ್ತೆ ತುಂಬುವ ಉಪಾಯವನ್ನು 1859ರಲ್ಲಿ ಕಂಡುಕೊಂಡವನು ಫ್ರಾನ್ಸಿನ ಗಾಸ್ತೋನ್ ಪ್ಲಾಂಟೆ. ಎರಡು ಸೀಸದ ಹಾಳೆಗಳನ್ನು ಒಂದಕ್ಕೊಂದು ತಾಗದಂತೆ ಸುತ್ತಿ, ನೀರು ಬೆರೆಸಿದ ಗಂಧಕಾಮ್ಲದಲ್ಲಿ ಅದ್ದಿ, ಹೊರಗಿನಿಂದ ವಿದ್ಯುತ್ತನ್ನು ಹರಿಸಿದ. ಇಂದು ನಮ್ಮ ಟ್ರಾಕ್ಟರಿನಲ್ಲಿ, ಲಾರಿಯಲ್ಲಿ, ಮನೆಯ ಇನ್‌ವರ್ಟರಿನಲ್ಲಿ ಕುಳಿತಿರುವುದು ಅದೇ ವಂಶದ ಕುಡಿ. ಧನಫಲಕದಲ್ಲಿ ಸೀಸದ ಆಕ್ಸೈಡು, ಋಣಫಲಕದಲ್ಲಿ ಬರಿಯ ಸೀಸ, ನಡುವೆ ಆಮ್ಲ. ನಾವು ವಿದ್ಯುತ್ತನ್ನು ಎಳೆದುಕೊಂಡಾಗ ಆಮ್ಲದೊಳಗಿನ ಗಂಧಕದ ಅಂಶ ಎರಡೂ ಫಲಕಗಳಿಗೆ ಅಂಟಿಕೊಂಡು ಸೀಸದ ಸಲ್ಫೇಟಾಗುತ್ತದೆ. ಆಮ್ಲ ತೆಳುವಾಗುತ್ತ ನೀರಿನ ಕಡೆಗೆ ವಾಲುತ್ತದೆ. ಚಾರ್ಜು ಮಾಡಿದಾಗ ಆ ಸಲ್ಫೇಟು ಕರಗಿ ಎಲ್ಲವೂ ಮೊದಲಿನ ಸ್ಥಾನಕ್ಕೆ ಮರಳುತ್ತದೆ. ತುಂಬಿದ ಬ್ಯಾಟರಿಯ ಆಮ್ಲ ನೀರಿನ ಸುಮಾರು 1.25ರಿಂದ 1.28ರಷ್ಟು ತೂಗಿದರೆ, ಬರಿದಾದುದರ ಆಮ್ಲ 1.12ರ ಹತ್ತಿರ ಇರುತ್ತದೆ. ಮೆಕ್ಯಾನಿಕರು ರಬ್ಬರಿನ ಬುರುಡೆಯಿರುವ ಗಾಜಿನ ಕೊಳವೆಯಲ್ಲಿ ಆಮ್ಲವನ್ನು ಎಳೆದು “ಗ್ರ್ಯಾವಿಟಿ ಇಳಿದದ” ಎನ್ನುವುದು ಇದನ್ನೇ. ಅವರ ಮಾತು ಶಾಸ್ತ್ರಕ್ಕೆ ಪೂರ್ತಿ ಒಪ್ಪುತ್ತದೆ.

ಈಗ ನಿಂತ ಬ್ಯಾಟರಿಗೆ ಬರೋಣ. ಅದರ ತಂತಿಗಳನ್ನು ಬಿಚ್ಚಿಟ್ಟರೂ ಒಳಗಿನ ವ್ಯವಹಾರ ನಿಲ್ಲುವುದಿಲ್ಲ. ಸೀಸದ ಜಾಲರಿ ಗಟ್ಟಿಯಾಗಲೆಂದು ಬೆರೆಸುವ ಆಂಟಿಮನಿ, ನೀರಿನೊಂದಿಗೆ ಒಳಹೊಕ್ಕ ಕಬ್ಬಿಣದ ಕಣ, ಇವು ಫಲಕದ ಮೇಲೆಯೇ ಪುಟ್ಟ ಪುಟ್ಟ ಕಳ್ಳದಾರಿಗಳನ್ನು ತೆರೆದು ಸಂಗ್ರಹವನ್ನು ಸೋರಿಸುತ್ತಿರುತ್ತವೆ. ಸಾಧಾರಣ ಸೆಕೆಯಲ್ಲಿ, ಎಂದರೆ 27 ಡಿಗ್ರಿಯ ಸುಮಾರಿನಲ್ಲಿ, ಹಳೆಯ ಮಾದರಿಯ ಬ್ಯಾಟರಿ ತಿಂಗಳಿಗೆ ನೂರಕ್ಕೆ ನಾಲ್ಕೈದರಷ್ಟನ್ನು ಹೀಗೆ ಕಳೆದುಕೊಳ್ಳುತ್ತದೆ. ಆಂಟಿಮನಿಯ ಬದಲು ಕ್ಯಾಲ್ಸಿಯಂ ಬೆರೆಸಿದ ಹೊಸ ಬಗೆಯವು ಇನ್ನೂ ಕಡಿಮೆ. ಇಷ್ಟಾದರೆ ಚಿಂತೆಯಿರಲಿಲ್ಲ. ಆದರೆ ಸೆಕೆ ಪ್ರತಿ 10 ಡಿಗ್ರಿ ಏರಿದಂತೆ ಈ ಸೋರಿಕೆ ಸುಮಾರಾಗಿ ಇಮ್ಮಡಿಸುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಬೀದರಿನ ನೆರಳಿನಲ್ಲಿಯೇ ಉಷ್ಣಮಾನ 40 ಡಿಗ್ರಿಯನ್ನು ಮುಟ್ಟುತ್ತದೆ. ತಗಡಿನ ಕೆಳಗಿನ ಮಾತನ್ನಂತೂ ಹೇಳಲೇಬೇಕಾಗಿಲ್ಲ. ಇದರೊಡನೆ, ತಂತಿ ಬಿಚ್ಚದ ಟ್ರಾಕ್ಟರಿನಲ್ಲಿ ಗಡಿಯಾರವೋ ಮೀಟರೋ ಹನಿಹನಿಯಾಗಿ ಕುಡಿಯುತ್ತಿರುತ್ತದೆ. ಮಾರ್ಚಿಯಲ್ಲಿ ಅರ್ಧಂಬರ್ಧ ತುಂಬಿ ನಿಂತ ಬ್ಯಾಟರಿ ಮೇ ಮುಗಿಯುವುದರೊಳಗೆ ತಳ ಕಾಣುವುದರಲ್ಲಿ ಆಶ್ಚರ್ಯವೇನು?

ಬರಿದಾದರೇನಂತೆ, ಮತ್ತೆ ತುಂಬಿದರಾಯಿತು ಎನ್ನಬಹುದು. ನಿಜವಾದ ಕೇಡಿರುವುದು ಇಲ್ಲಿಯೇ. ಆಗತಾನೆ ಹುಟ್ಟಿದ ಸಲ್ಫೇಟಿನ ಹರಳುಗಳು ಹಿಟ್ಟಿನಷ್ಟು ನವುರಾಗಿರುತ್ತವೆ, ಚಾರ್ಜಿಗೆ ಬೇಗ ಕರಗುತ್ತವೆ. ವಾರಗಟ್ಟಲೆ, ತಿಂಗಳುಗಟ್ಟಲೆ ಹಾಗೆಯೇ ಬಿಟ್ಟರೆ ಸಣ್ಣ ಹರಳುಗಳು ಕರಗಿ ದೊಡ್ಡವುಗಳಿಗೆ ಸೇರಿ ಬಿರುಸಾದ ಪೊರೆಯಾಗಿ ಬೆಳೆಯುತ್ತವೆ. ಕಲ್ಲುಸಕ್ಕರೆಯ ಪಾಕದಲ್ಲಿ ದಾರಕ್ಕೆ ಹರಳು ಕಟ್ಟುವುದನ್ನು ಕಂಡವರಿಗೆ ಇದು ಸುಲಭವಾಗಿ ಮನದಟ್ಟಾದೀತು. ಈ ಪೊರೆ ವಿದ್ಯುತ್ತನ್ನು ಹರಿಯಗೊಡದು. ಅದರಡಿಯ ಸೀಸ ಅಲ್ಲಿಯೇ ಇದ್ದರೂ ನಮಗಿಲ್ಲದಂತಾಗುತ್ತದೆ. ಚಾರ್ಜಿಗೆ ಹಾಕಿದರೆ ಬ್ಯಾಟರಿ ಬೇಗ ಬಿಸಿಯಾಗಿ ಕುದಿಯುತ್ತದೆ, ತುಂಬಿದಂತೆ ನಟಿಸುತ್ತದೆ, ಒಂದೆರಡು ಸಲ ಎಂಜಿನ್ನನ್ನು ತಿರುಗಿಸಿ ಮಲಗಿಬಿಡುತ್ತದೆ. ಮಿರಗದ ದಿನ ಸತ್ತಂತೆ ಕಂಡ ಬ್ಯಾಟರಿ ವಾಸ್ತವವಾಗಿ ಮೇ ತಿಂಗಳಲ್ಲಿಯೇ ಯಾರೂ ಕಾಣದಂತೆ ಸತ್ತಿರುತ್ತದೆ.

ಚಳಿಯ ದೇಶಗಳಲ್ಲಿ ಈ ಸಮಸ್ಯೆಯ ರೂಪ ಬೇರೆ. ಅಲ್ಲಿ ಸರೋವರಗಳು ಹೆಪ್ಪುಗಟ್ಟುವ ಮೊದಲು ದೋಣಿಗಳನ್ನು ದಡಕ್ಕೆಳೆದು ವಸಂತದವರೆಗೆ ಮುಚ್ಚಿಡುತ್ತಾರೆ. ದೋಣಿಯ ಬ್ಯಾಟರಿಯನ್ನು ಪೂರ್ತಿ ತುಂಬಿ ಇಡುವುದು ಅವರ ವಾರ್ಷಿಕ ಕಟ್ಟಳೆ. ತುಂಬಿದ ಬ್ಯಾಟರಿಯ ಆಮ್ಲ ಸೊನ್ನೆಗಿಂತ 50 ಡಿಗ್ರಿ ಕೆಳಗಿಳಿದರೂ ಹೆಪ್ಪುಗಟ್ಟದು. ಬರಿದಾದುದು ಹತ್ತು ಡಿಗ್ರಿ ಇಳಿಯುವಷ್ಟರಲ್ಲಿ ಮಂಜುಗಡ್ಡೆಯಾಗಿ ಪೆಟ್ಟಿಗೆಯನ್ನೇ ಸೀಳೀತು. ಈ ಭಯ ಬಿಟ್ಟರೆ ಚಳಿ ಬ್ಯಾಟರಿಯ ಮಿತ್ರನೇ, ಸೋರಿಕೆಯನ್ನು ತಗ್ಗಿಸುತ್ತದೆ. ನಮ್ಮ ಕರಾವಳಿಯಲ್ಲಿ ಜೂನ್-ಜುಲೈ ತಿಂಗಳು ಮೀನುಗಾರಿಕೆಗೆ ನಿಷೇಧವಿರುವುದರಿಂದ ಯಾಂತ್ರಿಕ ದೋಣಿಗಳು ಮಳೆಗಾಲದಲ್ಲಿ ದಕ್ಕೆಗೆ ಬಂದು ನಿಲ್ಲುತ್ತವೆ. ನಮ್ಮ ಬೀದರ ಸೀಮೆಗೆ ಕಡಲಿಲ್ಲ. ಕಾರಂಜಾ, ಮಾಂಜರಾಗಳ ನೀರಿದ್ದರೂ ದೋಣಿಯ ಬದುಕು ನಮ್ಮದಲ್ಲ. ನಮ್ಮಲ್ಲಿ ತಂಗುವುದು ಟ್ರಾಕ್ಟರು, ಅದೂ ಉರಿಬಿಸಿಲಿನಲ್ಲಿ. ಭಾಲ್ಕಿಯ ಕಡೆ ಚಳಿಗಾಲವೆಲ್ಲ ಕಬ್ಬು ಹೊತ್ತು ದುಡಿದು ಬೇಸಿಗೆಗೆ ನಿಲ್ಲುತ್ತದೆ. ಔರಾದದ ಒಣಬೇಸಾಯದಲ್ಲಿ ತೊಗರಿ, ಜೋಳದ ರಾಶಿಯಾದೊಡನೆ ನಿಲ್ಲುತ್ತದೆ. ಮೂರು ಬಗೆಯ ವಿರಾಮಗಳಲ್ಲಿ ಬ್ಯಾಟರಿಗೆ ಅತಿ ಕ್ರೂರವಾದುದು ನಮ್ಮದು. ಪರದೇಶದ ಕೈಪಿಡಿಗಳು ಮೂರು ನಾಲ್ಕು ತಿಂಗಳಿಗೊಮ್ಮೆ ನೋಡಿದರೆ ಸಾಕೆಂದು ಹೇಳುವುದನ್ನು ನಾವು ಕಣ್ಣುಮುಚ್ಚಿ ನಂಬಬಾರದು.

ಹಾಗಾದರೆ ಮಾಡಬೇಕಾದುದೇನು? ಕೊನೆಯ ಕೆಲಸ ಮುಗಿದ ದಿನವೇ ಬ್ಯಾಟರಿಯನ್ನು ಬಿಚ್ಚುವುದು ಲೇಸು. ಬಿಚ್ಚುವಾಗ ಮೊದಲು ಋಣದ ತಂತಿ, ಆಮೇಲೆ ಧನದ್ದು. ಕೂಡಿಸುವಾಗ ಇದರ ತಿರುವು. ಮೇಲ್ಭಾಗದಲ್ಲಿ ಧೂಳೂ ಆಮ್ಲದ ತೇವವೂ ಸೇರಿ ಕೆಸರಾಗಿದ್ದರೆ ಅದೂ ಒಂದು ಸೋರುದಾರಿಯೇ. ಅಡುಗೆ ಸೋಡಾ ಕದಡಿದ ನೀರಿನಲ್ಲಿ ಬಟ್ಟೆ ಅದ್ದಿ ಒರೆಸಬೇಕು. ಮುಚ್ಚಳಗಳು ಬಿಗಿಯಾಗಿರಲಿ, ಆ ನೀರು ಒಳಗಿಳಿದರೆ ಆಮ್ಲ ಕೆಡುತ್ತದೆ. ಬಳಿಕ ಪೂರ್ತಿ ಚಾರ್ಜು. 88 ಆಂಪಿಯರ್ ಗಂಟೆಯ ಬ್ಯಾಟರಿಗೆ ಅದರ ಹತ್ತನೆಯ ಒಂದು ಪಾಲು, ಎಂದರೆ ಎಂಟೊಂಬತ್ತು ಆಂಪಿಯರಿನಂತೆ ನಿಧಾನವಾಗಿ ಆಗಬೇಕು. ಅವಸರಕ್ಕೆ ಎರಡು ಗಂಟೆಯಲ್ಲಿ ತುಂಬಿಕೊಡುವ ಅಂಗಡಿಗಳನ್ನು ನಾನು ಕಂಡಿದ್ದೇನೆ. ಅದು ಬಾಯಿಗೆ ತುರುಕುವ ಊಟ. ಚಾರ್ಜಿನ ಕೊನೆಯಲ್ಲಿ ಜಲಜನಕ ಹೊರಬರುವುದರಿಂದ ಕಿಟಕಿ ತೆರೆದಿರಬೇಕು, ಬೀಡಿಯ ಕಿಡಿ ಹತ್ತಿರ ಸುಳಿಯಕೂಡದು.

ನೀರಿನ ವಿಷಯದಲ್ಲಿ ತುಸು ನಿಲ್ಲಬೇಕು. ಬ್ಯಾಟರಿ ಕಳೆದುಕೊಳ್ಳುವುದು ನೀರನ್ನು, ಆಮ್ಲವನ್ನಲ್ಲ. ಆದ್ದರಿಂದ ಹಾಕಬೇಕಾದುದು ಬಟ್ಟಿಯಿಳಿಸಿದ ನೀರು ಮಾತ್ರ, ಅದೂ ಚಾರ್ಜು ಮುಗಿದ ಮೇಲೆ. ಫಲಕಗಳು ಬಯಲಾಗಿದ್ದರೆ ಮಾತ್ರ ಮೊದಲೇ ಮುಳುಗುವಷ್ಟು ಹಾಕಬಹುದು. ನಮ್ಮ ಊರಿನ ಸುರಂಗ ಬಾವಿಗಳ ನೀರು ಶತಮಾನಗಳ ಕಾಲ ಜನರ ದಾಹ ತಣಿಸಿತು. ಕುಡಿಯಲು ಸವಿ, ಆದರೆ ಬ್ಯಾಟರಿಗೆ ವಿಷ. ಕೆಂಪು ಜಂಬಿಟ್ಟಿಗೆಯ ಸಂದಿನಿಂದ ಇಳಿದು ಬರುವ ನೀರಿನಲ್ಲಿ ಕಬ್ಬಿಣದ ಲೇಶವಾದರೂ ಇದ್ದೀತು, ಆ ಲೇಶವೇ ಮೇಲೆ ಹೇಳಿದ ಕಳ್ಳದಾರಿಯನ್ನು ತೆರೆಯಲು ಸಾಕು. ಇನ್ನು ಗ್ರ್ಯಾವಿಟಿ ಇಳಿದಿದೆಯೆಂದು ಹೊಸ ಆಮ್ಲ ಸುರಿಯುವವರುಂಟು. ಅಳತೆಯ ಕೊಳವೆ ಮೇಲೇಳುತ್ತದೆ, ಗಿರಾಕಿಯ ಮುಖ ಅರಳುತ್ತದೆ. ಪೊರೆ ಮಾತ್ರ ಫಲಕದ ಮೇಲೆ ಇದ್ದಲ್ಲಿಯೇ ಇರುತ್ತದೆ.

ಇಡುವ ಜಾಗ ತಂಪಾಗಿರಬೇಕು. ದಪ್ಪ ಮಣ್ಣಿನ ಮಾಳಿಗೆಯ ಹಳೆಯ ಮನೆಗಳಿನ್ನೂ ಉಳಿದಿರುವ ಹಳ್ಳಿಗಳಲ್ಲಿ ಅದಕ್ಕಿಂತ ಒಳ್ಳೆಯ ಕೋಣೆ ಬೇರೆ ಬೇಕಿಲ್ಲ. ಮಕ್ಕಳ ಕೈಗೆ ಎಟುಕದಂತೆ ಇದ್ದರಾಯಿತು. ಸಿಮೆಂಟಿನ ನೆಲದ ಮೇಲಿಟ್ಟರೆ ನೆಲ ಕರೆಂಟು ಕುಡಿಯುತ್ತದೆಂದು ಹಲಗೆಯ ಮೇಲಿಡುವ ರೂಢಿಯೊಂದಿದೆ. ಬ್ಯಾಟರಿಯ ಪೆಟ್ಟಿಗೆಗಳು ಮರದವೂ ಒಸರುವ ರಬ್ಬರಿನವೂ ಆಗಿದ್ದ ಕಾಲದ ಎಚ್ಚರವದು. ಈಗಿನ ಪ್ಲಾಸ್ಟಿಕ್ಕಿಗೆ ಆ ಭಯವಿಲ್ಲ. ಹಲಗೆ ಇಟ್ಟರೆ ನಷ್ಟವೂ ಇಲ್ಲ, ಅಜ್ಜನ ಮಾತು ನಡೆಸಿದಂತಾದೀತು.

ಹೀಗೆ ಇಟ್ಟ ಬ್ಯಾಟರಿಯನ್ನು ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಮೀಟರಿನಿಂದ ನೋಡಬೇಕು. ಚಾರ್ಜಿನಿಂದ ತೆಗೆದು ಕೆಲವು ಗಂಟೆ ಕಳೆದ ಮೇಲೆ 12.6 ವೋಲ್ಟಿನ ಸುಮಾರಿದ್ದರೆ ತುಂಬಿದೆ; 12.4ಕ್ಕೆ ಇಳಿದೊಡನೆ ಮತ್ತೆ ಚಾರ್ಜಿಗೆ ಹಾಕಬೇಕು, 12.2 ಎಂದರೆ ಅರ್ಧ ಬರಿದು. ವಾರಕ್ಕೊಮ್ಮೆ ಹತ್ತು ನಿಮಿಷ ಟ್ರಾಕ್ಟರು ಚಾಲೂ ಮಾಡಿದರೆ ಸಾಲದೇ ಎಂದು ಕೇಳುತ್ತಾರೆ. ಚಾಲೂ ಮಾಡಲು ತೆತ್ತದ್ದು ಅಷ್ಟರಲ್ಲಿ ಮರಳಿ ಬಂದೀತು, ಆದರೆ ಬ್ಯಾಟರಿ ಪೂರ್ತಿ ತುಂಬಲು ಗಂಟೆಗಟ್ಟಲೆ ಬೇಕು. ಡೀಸೆಲ್ಲು ಸುಟ್ಟದ್ದಷ್ಟೇ ಮಿಗುತ್ತದೆ.

ಬೀದರ ನಗರದ ಕೇಳುಗರು ಇದು ರೈತರ ಮಾತೆಂದು ಕಿವಿ ತಿರುಗಿಸಬಾರದು. ಬೇಸಿಗೆಯ ರಜೆಗೆಂದು ಹೈದರಾಬಾದಿಗೋ ಬೆಂಗಳೂರಿಗೋ ಹೊರಡುವಾಗ ಅನೇಕರು ಜಾಗರೂಕತೆಯಿಂದ ಮನೆಯ ಮುಖ್ಯ ಸ್ವಿಚ್ಚನ್ನು ಆರಿಸಿ ಹೋಗುತ್ತಾರೆ, ಇನ್‌ವರ್ಟರಿನದನ್ನು ಮರೆಯುತ್ತಾರೆ. ಊರಿಗೆ ಕರೆಂಟು ಹೋಗಿದೆಯೆಂದೇ ತಿಳಿದು ಅದು ತನ್ನ ಬ್ಯಾಟರಿಯನ್ನು ಕೊನೆಯ ಹನಿಯವರೆಗೆ ವ್ಯಯಿಸಿ ನಿಲ್ಲುತ್ತದೆ. ಮನೆಮಂದಿ ಮರಳುವುದರೊಳಗೆ ತಿಂಗಳೊಂದು ಕಳೆದು ಪೊರೆ ಗಟ್ಟಿಯಾಗಿರುತ್ತದೆ. ಹೊರಡುವ ಮುನ್ನ ನೀರಿನ ಮಟ್ಟ ನೋಡಿ, ಇನ್‌ವರ್ಟರಿಗೆ ಮಾತ್ರ ಕರೆಂಟು ಇರುವಂತೆ ಬಿಟ್ಟು ಹೋಗುವುದು ಒಂದು ದಾರಿ. ಪೂರ್ತಿ ಚಾರ್ಜಾದ ಮೇಲೆ ಅದನ್ನು ಆರಿಸಿ ಬ್ಯಾಟರಿಯ ತಂತಿಯನ್ನು ತಿಳಿದವರಿಂದ ಬಿಚ್ಚಿಸುವುದು ಇನ್ನೊಂದು.

ಇಷ್ಟೆಲ್ಲ ಮಾಡಿದರೂ ಬ್ಯಾಟರಿಗೆ ಆಯುಷ್ಯವೆಂಬುದೊಂದು ಇದ್ದೇ ಇದೆ. ಆರು ಕೋಶಗಳಲ್ಲಿ ಐದರ ಗ್ರ್ಯಾವಿಟಿ ಒಂದೇ ಸಮನಿದ್ದು ಆರನೆಯದು 0.05ರಷ್ಟು ಹಿಂದೆ ಬಿದ್ದಿದ್ದರೆ, ಚಾರ್ಜು ಮಾಡಿದರೂ ಏಳದಿದ್ದರೆ, ಆ ಕೋಶ ಹೋಯಿತೆಂದೇ ತಿಳಿಯಬೇಕು. ಈ ಪರೀಕ್ಷೆಯನ್ನು ಮೇ ತಿಂಗಳ ನಡುವಿನಲ್ಲಿಯೇ ಮಾಡಿಸಿಕೊಂಡರೆ ಅಂಗಡಿಯಲ್ಲಿ ನೂಕುನುಗ್ಗಲಿಲ್ಲದೆ, ಬೆಲೆ ವಿಚಾರಿಸಲು ಬಿಡುವಿದ್ದು, ಹೊಸದನ್ನು ನೋಡಿ ತರಬಹುದು. ಹಳೆಯದನ್ನು ಅಲ್ಲಿಯೇ ಕೊಟ್ಟುಬಿಡಬೇಕು. ಅದರ ತೂಕದ ಅರ್ಧಕ್ಕಿಂತ ಹೆಚ್ಚು ಸೀಸ. ಕಾರಖಾನೆಗೆ ಹೋದರೆ ಮತ್ತೆ ಬ್ಯಾಟರಿಯಾಗುತ್ತದೆ, ಹಿತ್ತಲಿನಲ್ಲಿ ಒಡೆದು ಕರಗಿಸಿದರೆ ಅದರ ಹೊಗೆ ಮತ್ತು ಧೂಳು ಆ ಮನೆಯ ಮಕ್ಕಳ ರಕ್ತಕ್ಕೆ ಸೇರುತ್ತದೆ.