ಬಣ್ಣದ ವಾಸನೆಯೂ ನ್ಯಾನೋ ಮದ್ದೂ

ಗೃಹಪ್ರವೇಶದ ಊಟಕ್ಕೆ ಹೋದವರಿಗೆಲ್ಲ ಒಂದು ವಾಸನೆಯ ಪರಿಚಯವುಂಟು. ಬಾಗಿಲಿಗೆ ಬಳಿದ ಬಣ್ಣ, ಕಪಾಟಿಗೆ ಹಚ್ಚಿದ ಪಾಲಿಶು, ಪ್ಲಾಯ್‌ವುಡ್ಡಿನ ಅಂಟು, ಇವುಗಳಿಂದ ಹೊರಡುವ ಆ ವಾಸನೆಯನ್ನು ನಾವು ಹೊಸತನದ ಗುರುತೆಂದು ಸಂತೋಷದಿಂದಲೇ ಸ್ವೀಕರಿಸುತ್ತೇವೆ. ಅದು ಸಂತೋಷಪಡತಕ್ಕ ವಿಷಯವಲ್ಲ. ಸಾಧಾರಣ ಉಷ್ಣತೆಯಲ್ಲಿಯೇ ಆವಿಯಾಗಿ ಗಾಳಿಯಲ್ಲಿ ಬೆರೆಯುವ ಬೆಂಝೀನ್, ಟಾಲ್ವೀನ್, ಝೈಲೀನ್, ಫಾರ್ಮಾಲ್ಡಿಹೈಡ್ ಮುಂತಾದ ಇಂಗಾಲದ ಸಂಯುಕ್ತಗಳೇ ಅದಕ್ಕೆ ಮೂಲವಾಗಿರುವವು. ವಿಜ್ಞಾನಿಗಳು ಇವನ್ನು ಬಾಷ್ಪಶೀಲ ಸಾವಯವ ಸಂಯುಕ್ತಗಳೆಂದು ಕರೆಯುತ್ತಾರೆ. ಪೆಟ್ರೋಲ್ ಬಂಕು, ಛಾಪಖಾನೆ, ವಾಹನದ ಹೊಗೆ, ದೇವರ ಮುಂದಣ ಊದುಬತ್ತಿ ಇವೆಲ್ಲವೂ ಇವುಗಳ ಉಗಮಸ್ಥಾನಗಳೇ.

ಇವುಗಳಿಂದಾಗುವ ಕೇಡು ಕೇವಲ ತಲೆನೋವು, ಕಣ್ಣುರಿಗಳಷ್ಟೇ ಅಲ್ಲ. ಬೆಂಝೀನು ರಕ್ತದ ಕ್ಯಾನ್ಸರಿಗೆ ಕಾರಣವೆಂಬುದು ನಿರ್ವಿವಾದವಾಗಿದೆ. ಫಾರ್ಮಾಲ್ಡಿಹೈಡನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಅದೇ ಪಂಕ್ತಿಗೆ ಸೇರಿಸಿತು. ಇದಲ್ಲದೆ ಈ ಆವಿಗಳು ವಾಹನಗಳು ಕಾರುವ ಸಾರಜನಕದ ಆಕ್ಸೈಡುಗಳೊಡನೆ ಬಿಸಿಲಿನಲ್ಲಿ ಕೂಡಿ, ಶ್ವಾಸಕೋಶಗಳನ್ನು ಕೆಡಿಸುವ ಓಝೋನನ್ನು ನೆಲಮಟ್ಟದಲ್ಲಿ ಹುಟ್ಟಿಸುತ್ತವೆ. ನಮ್ಮ ದೇಶದಲ್ಲಿ 2009ರ ಮಾನದಂಡಗಳ ಪ್ರಕಾರ ಒಂದು ಘನಮೀಟರು ಗಾಳಿಯಲ್ಲಿ ಬೆಂಝೀನಿನ ವಾರ್ಷಿಕ ಸರಾಸರಿಯು 5 ಮೈಕ್ರೋಗ್ರಾಮನ್ನು ಮೀರಕೂಡದು. ಆದರೆ ಈ ಮಿತಿಯು ಹೊರಗಿನ ಗಾಳಿಗೆ ಸಂಬಂಧಿಸಿದ್ದು. ಮುಚ್ಚಿದ ಕೋಣೆಯಲ್ಲಿ ದಿನವಿಡೀ ಥಿನ್ನರು ಕಲಸಿ ಬಣ್ಣ ಬಳಿಯುವ ಕೂಲಿಕಾರನಿಗೆ ಅದರಿಂದ ಯಾವ ರಕ್ಷಣೆ?

ಈ ಸಂಕಟಕ್ಕೆ ನ್ಯಾನೋ ವಸ್ತುಗಳು ಮದ್ದೆಂದು ಈಗ ಎಲ್ಲೆಡೆಯಲ್ಲಿಯೂ ಕೇಳಿಬರುತ್ತಿದೆ. ಮೀಟರಿನ ನೂರು ಕೋಟಿಯ ಒಂದು ಪಾಲಿಗೆ ನ್ಯಾನೋಮೀಟರೆಂದು ಹೆಸರು. ಒಂದು ಸೆಂಟಿಮೀಟರಿನ ಘನವೊಂದರ ಆರು ಮೈಗಳು ಕೂಡಿ 6 ಚದರ ಸೆಂಟಿಮೀಟರು ಮಾತ್ರ. ಅದನ್ನೇ 10 ನ್ಯಾನೋಮೀಟರಿನ ಘನಗಳಾಗಿ ಕತ್ತರಿಸಿದರೆ ಒಟ್ಟು ಮೈ 600 ಚದರ ಮೀಟರು, ಎಂದರೆ ಸುಮಾರು 6 ಗುಂಟೆ ಜಮೀನಿನಷ್ಟಾಗುವದು! ರಾಸಾಯನಿಕ ಕ್ರಿಯೆಯು ನಡೆಯುವದು ಈ ಮೈಯ ಮೇಲೆ. ಜಪಾನಿನ ಫುಜಿಶಿಮಾ ಮತ್ತು ಹೊಂಡಾ ಎಂಬ ವಿಜ್ಞಾನಿಗಳು ಟೈಟೇನಿಯಮ್ ಡೈಆಕ್ಸೈಡು ಬೆಳಕಿನ ಬಲದಿಂದ ನೀರನ್ನು ಒಡೆಯಬಲ್ಲದೆಂದು 1972ರಲ್ಲಿ ಪ್ರಕಟಿಸಿದರು. ಬಿಳಿಯ ಬಣ್ಣಕ್ಕೆ ಹಾಕುವ ಈ ಪುಡಿಯ ಮೇಲೆ ಅತಿನೇರಳೆ ಕಿರಣ ಬಿದ್ದಾಗ ತೀವ್ರವಾದ ಉತ್ಕರ್ಷಕಗಳು ಹುಟ್ಟಿ, ತಗುಲಿದ ಆವಿಯನ್ನು ಕಟ್ಟಕಡೆಗೆ ನೀರು ಮತ್ತು ಇಂಗಾಲಾಮ್ಲವಾಯುವನ್ನಾಗಿ ಒಡೆಯುವವು.

ಹಾಗಾದರೆ ಗೋಡೆಗೆ ಈ ಪುಡಿಯನ್ನು ಬಳಿದು ನಿಶ್ಚಿಂತರಾಗಿರಬಹುದೇ? ಅಷ್ಟು ಸುಲಭವಿಲ್ಲ. ಶುದ್ಧ ಟೈಟೇನಿಯಮ್ ಡೈಆಕ್ಸೈಡಿಗೆ ಸುಮಾರು 388 ನ್ಯಾನೋಮೀಟರಿಗಿಂತ ಕಿರಿದಾದ ಅಲೆಯ ಬೆಳಕೇ ಬೇಕು. ಮನೆಯ ದೀಪಗಳಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಇನ್ನೊಂದು ಮಾತು: ಕ್ರಿಯೆಯು ಅರ್ಧಕ್ಕೆ ನಿಂತರೆ ಮದ್ಯಸಾರದಂಥ ಆವಿಯಿಂದ ಫಾರ್ಮಾಲ್ಡಿಹೈಡ್ ಮೊದಲಾದವೇ ಹುಟ್ಟಬಹುದು. ಕಳ್ಳನನ್ನು ಹಿಡಿಯಬಂದವನೇ ಮನೆ ದೋಚಿದಂತಾದೀತು. ಆ ಪುಡಿಯೂ ಧೂಳಾಗಿ ಎದೆಗೂಡನ್ನು ಸೇರಿದರೆ ನಿರಪಾಯವೆನ್ನುವಂತಿಲ್ಲ. ಅದನ್ನು ಗಟ್ಟಿಯಾಗಿ ಅಂಟಿಸಿಯೇ ಬಳಸಬೇಕು.

ಅಂದ ಮಾತ್ರಕ್ಕೆ ಈ ಶಾಸ್ತ್ರವನ್ನು ತೆಗಳುವದು ನಮ್ಮ ಉದ್ದೇಶವಲ್ಲ. 1995ರಿಂದ ನಮ್ಮ ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಕಡ್ಡಾಯವಾದ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಪ್ಲಾಟಿನಮ್, ಪಲ್ಲೇಡಿಯಮ್ ಕಣಗಳು ಈ ಕೆಲಸವನ್ನೇ ಸದ್ದಿಲ್ಲದೆ ಮಾಡುತ್ತಿವೆ. ಲೋಹ ಮತ್ತು ಸಾವಯವ ಅಣುಗಳನ್ನು ಹೆಣೆದು, ಆವಿಗಳನ್ನು ಹಿಡಿದಿಡಬಲ್ಲ ರಂಧ್ರಮಯ ಚೌಕಟ್ಟುಗಳನ್ನು ಕಟ್ಟಿದ ಕಿತಾಗಾವಾ, ರಾಬ್ಸನ್, ಯಾಘಿ ಇವರಿಗೆ 2025ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನವು ಸಂದಿತು. ನಮ್ಮ ಬೆಂಗಳೂರಿನಲ್ಲಿಯೇ ಪ್ರೊಫೆಸರ್ ಸಿ. ಎನ್. ಆರ್. ರಾವ್ ಅವರು 1989ರಲ್ಲಿ ಸ್ಥಾಪಿಸಿದ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವು ನ್ಯಾನೋ ವಸ್ತುಗಳ ಅಭ್ಯಾಸದಲ್ಲಿ ಹೆಸರಾಗಿದೆ. ಇಂಥ ವಿದ್ಯೆಯು ಪ್ರಯೋಗಶಾಲೆಯಿಂದ ಬಣ್ಣದ ಕಾರಖಾನೆಯ ಚಿಮಣಿಗೆ ಇಳಿದು ಬರಬೇಕು.

ನಾವು ಹೇಳುವದು ಕ್ರಮದ ಮಾತು. ಮೊದಲು ವಿಷವನ್ನು ಹುಟ್ಟಿಸದಿರುವದು. ಎರಡನೆಯದು ಕಿಟಕಿ ತೆರೆಯುವದು. ಉಳಿದುದಕ್ಕೆ ನ್ಯಾನೋ ಮದ್ದು. ಬಣ್ಣದ ಡಬ್ಬಿಯ ಮೇಲೆ ಆವಿಯಾಗುವ ಅಂಶವೆಷ್ಟೆಂಬುದನ್ನು ಕನ್ನಡದಲ್ಲಿ ಕಡ್ಡಾಯವಾಗಿ ಮುದ್ರಿಸತಕ್ಕದ್ದೆಂದು ಸರಕಾರದವರು ವಿಧಿಸಲಿ. ಶಾಲೆ, ಆಸ್ಪತ್ರೆ, ಕಚೇರಿಗಳಿಗೆ ನೀರಿನಲ್ಲಿ ಕಲಸುವ, ಕಡಿಮೆ ಆವಿಯ ಬಣ್ಣವನ್ನೇ ಕೊಳ್ಳಲಿ. ‘ನ್ಯಾನೋ’ ಎಂಬ ಚೀಟಿ ಅಂಟಿಸಿ ಯಂತ್ರ ಮಾರುವವರಿಂದ ಪರೀಕ್ಷೆಯ ಪ್ರಮಾಣವನ್ನು ಕೇಳಲಿ. ಇದಕ್ಕೆ ಅಧಿಕಾರಿಗಳು ರುಜು ಹಾಕುವ ಒಂದು ಟೆಂಡರಿನ ಷರತ್ತು ಸಾಕು. ಹೊಸ ಗೋಡೆಯ ಹೊಳಪನ್ನು ನೋಡಿ ಹಿಗ್ಗುವ ನಾವು, ಅದನ್ನು ಬಳಿದವನ ಉಸಿರಿನ ಬೆಲೆಯನ್ನೂ ಲೆಕ್ಕಕ್ಕೆ ಹಿಡಿಯಬೇಡವೇ?