ಪೌಡರ್ ಹೋಗದ ಮೂಲೆಗಳು

ಕೊಳ್ಳೇಗಾಲದ ಕಡೆಯ ಕುಂತೂರಿನಿಂದ ಓದುಗರೊಬ್ಬರು ಕೇಳಿದ್ದಾರೆ: ‘ನಮ್ಮ ತಂದೆಯವರ ಹಳೇ ಜಾವಾ ಬಹಳ ಕಾಲದಿಂದ ಕೊಟ್ಟಿಗೆಯಲ್ಲಿ ನಿಂತಿತ್ತು. ಈಗ ನಟ್ಟುಬೋಲ್ಟು ಸಮೇತ ಪೂರ್ತಿ ಬಿಚ್ಚಿಟ್ಟಿದ್ದೇನೆ. ಕಿಟಕಿ ಗ್ರಿಲ್ಲಿಗೆ ಪೌಡರ್ ಕೋಟಿಂಗ್ ಮಾಡುವವರು, ಟ್ಯಾಂಕು, ಚಾಸಿ, ಮಡ್‌ಗಾರ್ಡು ಎಲ್ಲಾ ತನ್ನಿ, ಜನ್ಮಕ್ಕೂ ತುಕ್ಕು ಹಿಡಿಯಲ್ಲ ಅಂತಾರೆ. ನಮ್ಮವ್ವ, ಶನಿವಾರ ಮಾತ್ರ ಕಬ್ಬಿಣ ಮನೆಗೆ ತರಬೇಡ ಅಂತಾರೆ. ಯಾರ ಮಾತು ಕೇಳಲಿ?’

ಅಂಗಡಿಯವರ ಮಾತಿನಲ್ಲಿ ಅರ್ಧ ಮಾತ್ರ ನಿಜ. ಅವ್ವನ ಮಾತನ್ನು ಪಾಲಿಸಿದರೆ ಚಾಸಿಗೆ ಹೇಗೆ ಹಾನಿಯಾದೀತು ಎಂಬುದನ್ನು ಮುಂದೆ ಹೇಳುತ್ತೇನೆ. ಮೊದಲು ಒಂದು ಸಂತೋಷದ ಮಾತು. ಜಾವಾ ನಮ್ಮ ಸೀಮೆಯ ಗಾಡಿ. ಜೆಕ್ ನಾಡಿನ ವಿನ್ಯಾಸ ತಂದು ಇರಾನಿ ಕುಟುಂಬದವರು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಕಟ್ಟಿದರು. 1961ರಿಂದ ಅಲ್ಲಿ ಬೈಕುಗಳು ತಯಾರಾದವು, ಎಪ್ಪತ್ತರ ದಶಕದಲ್ಲಿ ಹೆಸರು ಯೆಜ್ಡಿ ಆಯಿತು, 1996ರಲ್ಲಿ ಕಾರ್ಖಾನೆ ಬಾಗಿಲು ಮುಚ್ಚಿತು. ಟಿ. ನರಸೀಪುರದ ರಸ್ತೆ ಹಿಡಿದರೆ ಕುಂತೂರಿಗೆ ಅದೇನು ದೂರವಲ್ಲ. ಹುಟ್ಟಿದೂರಿನ ಹತ್ತಿರವೇ ಉಳಿದ ಗಾಡಿಗೆ ಮರುಜೀವ ಕೊಡುವುದು ಒಳ್ಳೆಯ ಕೆಲಸ.

ಪೌಡರ್ ಕೋಟಿಂಗ್ ಎಂದರೆ ನೀರಿಲ್ಲದ, ತಿನ್ನರ್ ಇಲ್ಲದ ಬಣ್ಣ. ರಾಳ, ಅದನ್ನು ಗಟ್ಟಿಗೊಳಿಸುವ ರಾಸಾಯನಿಕ ಮತ್ತು ಬಣ್ಣದ ಪುಡಿ, ಮೂರನ್ನೂ ಕರಗಿಸಿ, ಬೆರೆಸಿ, ಆರಿಸಿ, ಮತ್ತೆ ಹಿಟ್ಟಿನಷ್ಟು ನಯವಾಗಿ ಅರೆದಿರುತ್ತಾರೆ. ಒಂದೊಂದು ಕಣ ಸುಮಾರು 30ರಿಂದ 50 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನಲ್ಲಿ ಇಪ್ಪತ್ತು ಮೂವತ್ತು ಕಣ ಸಾಲಾಗಿ ನಿಲ್ಲುತ್ತವೆ. ಈ ಪುಡಿಯನ್ನು ಗನ್ನಿನಿಂದ ಊದಿ ಕಬ್ಬಿಣಕ್ಕೆ ಅಂಟಿಸಿ, ಓವನ್ನಿನಲ್ಲಿ 180ರಿಂದ 200 ಡಿಗ್ರಿ ಶಾಖದಲ್ಲಿ ಹತ್ತಿಪ್ಪತ್ತು ನಿಮಿಷ ಬೇಯಿಸುತ್ತಾರೆ. ಆಲೆಮನೆಯ ಬೆಲ್ಲವನ್ನು ಎಷ್ಟು ಸಲ ಕಾಯಿಸಿದರೂ ಕರಗುತ್ತದೆ. ಈ ಪುಡಿ ಹಾಗಲ್ಲ, ಒಮ್ಮೆ ಕರಗಿ ಕಣಕಣ ಬೆಸೆದುಕೊಂಡ ಮೇಲೆ ಇನ್ನೆಷ್ಟು ಬಿಸಿ ಮಾಡಿದರೂ ಮತ್ತೆ ಕರಗುವುದಿಲ್ಲ. ಅದರ ಗಟ್ಟಿತನದ ಗುಟ್ಟು ಅದು.

ಆದರೆ ಒಣಪುಡಿ ಕಬ್ಬಿಣಕ್ಕೆ ಅಂಟುವುದು ಹೇಗೆ? ನನ್ನನ್ನು ಮೊದಲಿಂದಲೂ ಬೆರಗುಗೊಳಿಸಿದ್ದು ಇದೇ.

ಗನ್ನಿನ ತುದಿಯಲ್ಲಿ ಒಂದು ಚೂಪಾದ ಸೂಜಿ. ಅದರಲ್ಲಿ 60 ಸಾವಿರದಿಂದ 1 ಲಕ್ಷದವರೆಗೆ ವೋಲ್ಟ್ ಇರುತ್ತದೆ. ನಿಮ್ಮ ಪಕ್ಕದ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೊರಟಾಗ ಆ ತಂತಿಯಲ್ಲಿ ಇದ್ದದ್ದು 30 ಸಾವಿರ ವೋಲ್ಟಿನ ಆಸುಪಾಸು. ಅದರ ಎರಡು ಮೂರು ಪಟ್ಟು ಒತ್ತಡ ಈಗ ಗನ್ ಹಿಡಿದ ಅಂಗಡಿ ಹುಡುಗನ ಕೈಯಲ್ಲಿದೆ. ಹರಿಯುವ ಕರೆಂಟು ಮಾತ್ರ ಒಂದು ಆಂಪಿಯರಿನ ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟು. ಗನ್ನನ್ನು ಕೈಯಲ್ಲಿ ಹಿಡಿದು ಕೆಲಸ ಮಾಡಲು ಸಾಧ್ಯವಾಗಿರುವುದು ಅದರಿಂದ. ಸೂಜಿಯ ಸುತ್ತ ಗಾಳಿಯೇ ವಿದ್ಯುದಾವೇಶ ಪಡೆಯುತ್ತದೆ, ಅದರ ನಡುವೆ ಹಾದುಹೋಗುವ ಪುಡಿಯ ಕಣಗಳು ಋಣಾವೇಶ ಹೊತ್ತು ಹೊರಬರುತ್ತವೆ. ಕೊಕ್ಕೆಗೆ ನೇತುಹಾಕಿದ ಚಾಸಿಗೆ ಅರ್ಥ್ ಕೊಟ್ಟಿರುತ್ತಾರೆ. ಕಣಗಳು ಅದನ್ನು ಹುಡುಕಿಕೊಂಡು ಹೋಗಿ ಕೂರುತ್ತವೆ. ಕೊಕ್ಕೆಯ ಮೇಲೆ ಹಳೇ ಕೋಟಿಂಗ್ ಪದರ ಕಟ್ಟಿದ್ದರೆ ಅರ್ಥ್ ಸಿಗುವುದಿಲ್ಲ, ಪುಡಿ ನೆಲ ಸೇರುತ್ತದೆ. ಅಂಗಡಿಗೆ ಹೋದಾಗ ಮೊದಲು ಕೊಕ್ಕೆ ನೋಡಿ, ಕೆಲಸದ ಗುಣ ಅಲ್ಲೇ ತಿಳಿಯುತ್ತದೆ.

ಮೈಸೂರಿನ ಒಂದು ಶೆಡ್ಡಿನಲ್ಲಿ ಈ ಕೆಲಸವನ್ನು ಹತ್ತಿರದಿಂದ ನೋಡಿದ್ದೇನೆ. ಹುಡುಗ ಜಾವಾದ ಸೆಂಟರ್ ಸ್ಟ್ಯಾಂಡಿಗೆ ಮುಂದಿನಿಂದ ಮಾತ್ರ ಗನ್ ಹಿಡಿದಿದ್ದ. ನಾನು ಬಗ್ಗಿ ನೋಡಿದರೆ ಕೊಳವೆಯ ಹಿಂಭಾಗಕ್ಕೂ ಪುಡಿ ಹತ್ತಿತ್ತು! ವಿದ್ಯುತ್ ಕ್ಷೇತ್ರದ ಗೆರೆಗಳು ಕೊಳವೆಯನ್ನು ಬಳಸಿಕೊಂಡು ಹಿಂದಕ್ಕೆ ಬಾಗುತ್ತವೆ, ಆವೇಶ ಹೊತ್ತ ಕಣಗಳು ಆ ಗೆರೆಗಳ ಜಾಡಿನಲ್ಲೇ ಸಾಗಿ ಬೆನ್ನಿಗೂ ಅಂಟುತ್ತವೆ. ಯಾವ ಬ್ರಷ್ಷೂ ಮಾಡದ ಕೆಲಸ ಇದು.

ಆಮೇಲೆ ಅವನು ಟೂಲ್ ಬಾಕ್ಸ್ ಎತ್ತಿಕೊಂಡ. ಹೊರಮೈ ಕ್ಷಣದಲ್ಲಿ ಕಪ್ಪಾಯಿತು. ಒಳಗಿನ ಮೂಲೆಯಲ್ಲಿ ಮಾತ್ರ ತಗಡಿನ ಬೂದುಬಣ್ಣದ ಗೆರೆ ಹಾಗೆಯೇ ಉಳಿಯಿತು. ಗನ್ನನ್ನು ಹತ್ತಿರ ತಂದ, ಇನ್ನಷ್ಟು ಊದಿದ. ಅಂಚಿನಲ್ಲಿ ಪುಡಿ ಗುಡ್ಡೆಯಾಯಿತೇ ಹೊರತು ಮೂಲೆಗೆ ಒಂದು ಕಣವೂ ಇಳಿಯಲಿಲ್ಲ.

ಹುಡುಗನ ಕೈಚಳಕದಲ್ಲಿ ಕೊರತೆ ಇರಲಿಲ್ಲ, ಅಡ್ಡಬಂದದ್ದು ಭೌತಶಾಸ್ತ್ರದ ನಿಯಮ. 1836ರಲ್ಲಿ ಲಂಡನ್ನಿನಲ್ಲಿ ವಿಜ್ಞಾನಿ ಮೈಕೆಲ್ ಫ್ಯಾರಡೆ ಹನ್ನೆರಡು ಅಡಿ ಉದ್ದಗಲ ಎತ್ತರದ ಒಂದು ಪೆಟ್ಟಿಗೆ ಕಟ್ಟಿ, ಅದಕ್ಕೆ ಲೋಹದ ಹೊದಿಕೆ ಹಾಕಿ, ಅತಿ ಬಲವಾದ ವಿದ್ಯುದಾವೇಶ ಕೊಡಿಸಿದ. ಹೊರಗೆ ಕಿಡಿಗಳು ಚಿಮ್ಮುತ್ತಿದ್ದರೆ ಅವನು ಒಳಗೆ ಕೂತು ತನ್ನ ಸೂಕ್ಷ್ಮ ಉಪಕರಣಗಳನ್ನು ನೋಡುತ್ತಿದ್ದ. ಯಾವುದೂ ಮಿಸುಕಲಿಲ್ಲ. ಆವೇಶವೆಲ್ಲ ಹೊರಮೈಯಲ್ಲೇ ನಿಲ್ಲುತ್ತದೆ, ಲೋಹದ ಗೂಡಿನ ಒಳಗೆ ವಿದ್ಯುತ್ ಕ್ಷೇತ್ರವೇ ಇರುವುದಿಲ್ಲ. ಟೂಲ್ ಬಾಕ್ಸಿನ ಮೂಲೆಯೂ ಅಂಥದೇ ಒಂದು ಅರ್ಧ ತೆರೆದ ಗೂಡು. ಗೆರೆಗಳು ಅಂಚಿನಲ್ಲೇ ಮುಗಿದುಹೋಗುತ್ತವೆ, ಜಾಡು ತಪ್ಪಿದ ಪುಡಿಯೂ ಅಲ್ಲಿಗೇ ನಿಲ್ಲುತ್ತದೆ. ಒಳಗೆ ಸುಳಿಯುವ ಗಾಳಿ, ತಪ್ಪಿ ಬಂದ ನಾಲ್ಕು ಕಣಗಳನ್ನೂ ಹೊರಗೆ ಊದಿಬಿಡುತ್ತದೆ.

ಇನ್ನು ಜಾವಾದ ಮೈಕಟ್ಟನ್ನು ನೆನೆಯಿರಿ. ಚೈನನ್ನು ಪೂರ್ತಿ ಮುಚ್ಚುವ ಚೈನ್ ಕೇಸು, ಆಳವಾದ ಮಡ್‌ಗಾರ್ಡು, ಹೆಡ್‌ಲೈಟಿನ ಬಟ್ಟಲು, ಬೀಗದ ಟೂಲ್ ಬಾಕ್ಸು. ಅದರ ಅಂದವೆಲ್ಲ ಆಳವಾಗಿ ಒತ್ತಿದ ತಗಡಿನಲ್ಲಿದೆ, ಆ ಆಳಗಳೆಲ್ಲ ಫ್ಯಾರಡೆಯ ಗೂಡುಗಳೇ. ಕಬ್ಬಿನ ಗದ್ದೆಯ ಕೆಸರು, ಮಳೆನೀರು ಹೋಗಿ ನಿಲ್ಲುವುದೂ ಅದೇ ಆಳಗಳಲ್ಲಿ. ಅಂದರೆ ತುಕ್ಕು ಎಲ್ಲಿ ಶುರುವಾಗುತ್ತದೋ ಅಲ್ಲಿಗೆ ಪೌಡರ್ ತಲುಪಿರುವುದಿಲ್ಲ. ಕಣ್ಣಿಗೆ ಕಾಣುವ ಮೈ ಮಿರಮಿರ ಮಿಂಚುತ್ತದೆ, ಮೂಲೆಯಲ್ಲಿ ನೀರು ಪದರದ ಅಡಿಗೆ ನುಸುಳುತ್ತದೆ. ಪದರ ಗಟ್ಟಿಯಾದ್ದರಿಂದ ಅದು ಮೇಲಕ್ಕೆ ಕಾಣುವುದೂ ಇಲ್ಲ. ಒಂದು ದಿನ ಹಾಳೆಯಂತೆ ಎದ್ದು ಬಂದಾಗ ಕೆಳಗಿನ ತಗಡು ಅರ್ಧ ತಿಂದುಹೋಗಿರುತ್ತದೆ. ‘ಜನ್ಮಕ್ಕೂ ತುಕ್ಕು ಹಿಡಿಯಲ್ಲ’ ಎಂಬ ಭರವಸೆಯನ್ನು ನಂಬಬೇಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಪರಿಹಾರ ಇದೆ. ಆ ಶೆಡ್ಡಿನ ಹಿರಿಯ ಕೆಲಸಗಾರ ಬಂದು ವೋಲ್ಟೇಜನ್ನು ಅರ್ಧಕ್ಕಿಂತ ಕೆಳಗಿಳಿಸಿದ, ಗಾಳಿಯ ಒತ್ತಡವನ್ನೂ ತಗ್ಗಿಸಿದ, ಅಂಟಿದ್ದ ಪುಡಿಯನ್ನೆಲ್ಲ ಊದಿ ತೆಗೆದು ಮೂಲೆಯಿಂದಲೇ ಹೊಸದಾಗಿ ಶುರುಮಾಡಿದ. ಪುಡಿ ನಿಧಾನವಾಗಿ ಮೂಲೆಗೆ ಇಳಿದು ಕೂತಿತು. ಸೆಳೆತ ಕಡಿಮೆ ಮಾಡಿದರೆ ಒಳಗೆ ಹೋಗುತ್ತದೆ! ಟ್ರೈಬೋ ಗನ್ ಎಂಬ ಇನ್ನೊಂದು ಬಗೆಯೂ ಇದೆ. ಅದರಲ್ಲಿ ಸೂಜಿಯಿಲ್ಲ, ಪುಡಿ ಟೆಫ್ಲಾನ್ ಕೊಳವೆಗೆ ಉಜ್ಜಿಕೊಂಡೇ ಆವೇಶ ಪಡೆಯುತ್ತದೆ. ಹೊರಗೆ ಬಲವಾದ ಕ್ಷೇತ್ರವಿಲ್ಲದ ಕಾರಣ ಮೂಲೆಗಳಿಗೆ ಸಲೀಸಾಗಿ ನುಗ್ಗುತ್ತದೆ.

ಈಗ ಶನಿವಾರದ ಮಾತು. ಶನಿ ಗ್ರಹಕ್ಕೂ ಕಬ್ಬಿಣಕ್ಕೂ ಯಾವ ನಂಟೂ ಇಲ್ಲ. ಆದರೆ ಸ್ಯಾಂಡ್ ಬ್ಲಾಸ್ಟಿಂಗ್ ಮಾಡಿದ, ಅಂದರೆ ರಭಸದಿಂದ ಮರಳು ಊದಿ ಉಜ್ಜಿದ ಕಬ್ಬಿಣಕ್ಕೂ ಗಡಿಯಾರಕ್ಕೂ ಗಾಢವಾದ ನಂಟಿದೆ. ಹಳೇ ಬಣ್ಣ, ತುಕ್ಕು ಎಲ್ಲ ಹೋಗಿ ಬರಿಮೈಯಾದ ಉಕ್ಕು ತೇವದ ಗಾಳಿಯಲ್ಲಿ ಕೆಲವೇ ಗಂಟೆಗಳಲ್ಲಿ ಕೆಂಪಗಾಗತೊಡಗುತ್ತದೆ. ಶುಕ್ರವಾರ ಸಂಜೆ ಬ್ಲಾಸ್ಟಿಂಗ್ ಮುಗಿಸಿ, ಶನಿವಾರ ಕಬ್ಬಿಣದ ಸಹವಾಸವೇ ಬೇಡ, ಭಾನುವಾರ ರಜೆ ಎಂದು ಸೋಮವಾರದವರೆಗೆ ಇಟ್ಟರೆ ತೆಳುವಾದ ತುಕ್ಕಿನ ಮೇಲೆ ಕೋಟಿಂಗ್ ಕೂರುತ್ತದೆ. ಆಮೇಲೆ ಅದು ಎದ್ದಾಗ ‘ನೋಡಿದೆಯಾ, ಶನಿಕಾಟ’ ಎನ್ನುತ್ತಾರೆ! ಅವ್ವನಿಗೆ ಗೌರವದಿಂದಲೇ ತಿಳಿಸಿ ಹೇಳಿ: ಬ್ಲಾಸ್ಟಿಂಗ್ ಆದ ದಿನವೇ ತುಕ್ಕು ತಡೆಯುವ ಫಾಸ್ಫೇಟ್ ಲೇಪ, ಕೋಟಿಂಗ್ ಎರಡೂ ಆಗಬೇಕು, ವಾರ ಯಾವುದಾದರೂ ಸರಿ. ಜಿಡ್ಡು ತೆಗೆದು, ತೊಳೆದು, ಫಾಸ್ಫೇಟ್ ಮಾಡುವ ‘ಸೆವೆನ್ ಟ್ಯಾಂಕ್’ ಇರುವ ಅಂಗಡಿಯೇ ಮೇಲು.

ಟ್ಯಾಂಕನ್ನು ಮಾತ್ರ ದಯವಿಟ್ಟು ಕೊಡಬೇಡಿ. ಹಳೇ ಟ್ಯಾಂಕಿನ ತೂತುಗಳನ್ನು ಸೀಸ-ತವರದ ಬೆಸುಗೆಯಿಂದ ಮುಚ್ಚಿರುವುದು ಸಾಮಾನ್ಯ. ಆ ಮಿಶ್ರಲೋಹ 183 ಡಿಗ್ರಿಗೇ ಮೆತ್ತಗಾಗತೊಡಗುತ್ತದೆ, ಓವನ್ನಿನಲ್ಲಿ ಬೆಸುಗೆ ಬಿಟ್ಟುಕೊಳ್ಳುತ್ತದೆ. ಟಿಂಕರಿಂಗ್‌ನಲ್ಲಿ ತುಂಬಿದ ಮಾಮೂಲಿ ಪುಟ್ಟಿಯೂ ಆ ಶಾಖ ತಾಳುವುದಿಲ್ಲ. ಒಳಗೆ ಪೆಟ್ರೋಲಿನ ಆವಿ ಉಳಿದಿದ್ದರೆ ಜೀವಕ್ಕೇ ಅಪಾಯ. ಜಾವಾ ಮೈಸೂರಿನಲ್ಲಿ ತಯಾರಾಗತೊಡಗಿದಾಗ ಈ ಪೌಡರ್ ಗನ್ನು ಯುರೋಪಿನಲ್ಲಿ ಆಗಷ್ಟೇ ರೂಪುಗೊಳ್ಳುತ್ತಿತ್ತು. ಆ ಗಾಡಿಯ ಟ್ಯಾಂಕಿಗೆ ಹೊಂದುವುದು ದ್ರವ ಬಣ್ಣವೇ. ಕ್ರೋಮಿನ ಪಕ್ಕೆ, ಚಿನ್ನದ ಗೆರೆ ಇರುವ ಟ್ಯಾಂಕನ್ನು ಒಳ್ಳೆಯ ಪೇಂಟರ್ ಕೈಗೆ ಕೊಡಿ.

ಚಾಸಿ, ಸ್ವಿಂಗ್ ಆರ್ಮ್, ಸ್ಟ್ಯಾಂಡು, ಫುಟ್‌ರೆಸ್ಟ್ ಬ್ರಾಕೆಟ್ಟುಗಳನ್ನು ಧಾರಾಳವಾಗಿ ಕೊಡಿ. ಕಲ್ಲಿನ ಏಟಿಗೆ, ಕೆಸರಿಗೆ ಇದರಷ್ಟು ತಡೆಯುವ ಹೊದಿಕೆ ಕಡಿಮೆ. ಬೇರಿಂಗು, ರಬ್ಬರ್ ಬುಷ್ಷು ಮೊದಲೇ ತೆಗೆಯಿರಿ. ಬೇರಿಂಗ್ ಕೂರುವ ಜಾಗ, ಥ್ರೆಡ್ ಇರುವ ತೂತು, ಎಂಜಿನ್ ಮೌಂಟಿಂಗ್‌ಗಳಿಗೆ ಶಾಖ ತಾಳುವ ಟೇಪು ಸುತ್ತಿಸಿ. 60ರಿಂದ 80 ಮೈಕ್ರಾನಿನ ಪದರ ಎರಡೂ ಕಡೆ ಕೂತರೆ ಬಿಗಿ ಅಳತೆ ತಪ್ಪುತ್ತದೆ. ಪೌಡರ್ ಪದರ ವಿದ್ಯುತ್ತನ್ನು ಬಿಡುವುದಿಲ್ಲ, ಜಾವಾದ 6 ವೋಲ್ಟಿನ ವೈರಿಂಗಿಗೆ ವಾಪಸು ದಾರಿ ಚಾಸಿಯೇ. ಅರ್ಥ್ ಬೋಲ್ಟಿನ ಜಾಗವನ್ನು ಬರಿಯಾಗಿಡಿ, ಇಲ್ಲವಾದರೆ ಹೊಸ ಬಲ್ಬೂ ಮಿಣುಕುತ್ತದೆ. ಚಾಸಿ ನಂಬರನ್ನು ಬ್ಲಾಸ್ಟಿಂಗಿಗೂ ಮುನ್ನವೇ ಮುಚ್ಚಿಸಿ. 2021ರ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲರೂಪ ಉಳಿಸಿಕೊಂಡ ಗಾಡಿಗಳಿಗೆ ‘ವಿಎ’ ಸರಣಿಯ ವಿಂಟೇಜ್ ನೋಂದಣಿ ಸಿಗುತ್ತದೆ. ಮಸುಕಾದ ನಂಬರ್ ಹಿಡಿದು ಆರ್‌ಟಿಒ ಮುಂದೆ ನಿಲ್ಲುವ ಪಾಡು ಬೇಡ.

ಕೊನೆಗೆ ಅಂಗಡಿಯವರನ್ನು ಮೂರು ಪ್ರಶ್ನೆ ಕೇಳಿ. ಬ್ಲಾಸ್ಟಿಂಗ್ ಆದ ಎಷ್ಟು ಹೊತ್ತಿಗೆ ಕೋಟಿಂಗ್ ಮಾಡ್ತೀರಿ? ಪೌಡರ್ ಪ್ಯೂರ್ ಪಾಲಿಯೆಸ್ಟರೋ, ಎಪಾಕ್ಸಿ ಬೆರೆತದ್ದೋ? ಎಪಾಕ್ಸಿ ಬಿಸಿಲಿಗೆ ಬಿಳಿಚಿಕೊಳ್ಳುತ್ತದೆ. ಮೂಲೆಗೆ ಹೊಡೆಯುವಾಗ ವೋಲ್ಟೇಜ್ ಇಳಿಸ್ತೀರಾ? ಮೂರನೆಯದಕ್ಕೆ ಹೌದು ಎನ್ನುವವರು ಕೆಲಸ ಬಲ್ಲವರು. ಅವರ ಅಂಗಡಿ ಕುಂತೂರಿನಿಂದ ಎಷ್ಟೇ ದೂರವಿರಲಿ, ಚಾಸಿಯನ್ನು ಅಲ್ಲಿಗೇ ಒಯ್ಯಿರಿ.